ಕೊಪ್ಪರಿಗೆಯಲ್ಲಿ ಒಬ್ಬನೇ

ಗಂಗುಲಪ್ಪನಿಗೆ ಮೂವತ್ತಾರು ತುಂಬಿತ್ತು. ಹುಟ್ಟಿದಾಗಿನಿಂದ ಅವನು ಒಂದು ಗಳಿಗೆಯೂ ಒಬ್ಬನೇ ಇದ್ದವನಲ್ಲ. ತೊಂಡೇಬಾವಿಯ ಹತ್ತಿರದ ಅವರ ಮನೆಯಲ್ಲಿ ಹತ್ತೊಂಬತ್ತು ಜನ. ಮುದ್ದೆಗೆ ಕೂತರೆ ಎಡಗಡೆ ಅಣ್ಣ, ಬಲಗಡೆ ತಮ್ಮ. ಮಲಗಿದರೆ ಹೊಟ್ಟೆಯ ಮೇಲೆ ಯಾರದೋ ಕಾಲು. ಸಾಲದ್ದಕ್ಕೆ, ಅಕ್ಕನನ್ನು ನೋಡಿಕೊಂಡು ಎರಡು ದಿನ ಇದ್ದು ಹೋಗಲು ಬಂದ ಹೆಂಡತಿಯ ತಮ್ಮ ಚಲಪತಿ ನಾಲ್ಕು ವರ್ಷದಿಂದ ಇದ್ದ. ಪಾಪ, ಎಲ್ಲರೂ ಒಳ್ಳೆಯವರೇ. ಕೆಟ್ಟವರಾಗಿದ್ದರೆ ಬೈದು ಎದ್ದು ಹೋಗಬಹುದಿತ್ತು.

ಐವತ್ತಾರನೇ ಇಸವಿಯಲ್ಲಿ, ಮರಳು ಬಿಟ್ಟು ಬೇರೇನನ್ನೂ ತೋರಿಸದ ಪಿನಾಕಿನಿಗೆ ನೀರು ಬಂತು. ಅದನ್ನು ನೋಡುತ್ತಾ ನಿಂತ ಗಂಗುಲಪ್ಪನಿಗೆ ಆಸೆ ಹುಟ್ಟಿತು. ಒಂದೇ ಒಂದು ದಿನ, ಯಾರೂ ಪಕ್ಕದಲ್ಲಿಲ್ಲದೆ, ಗೌರಿಬಿದನೂರಿನವರೆಗೆ ಹೊಳೆಯಲ್ಲಿ ತೇಲಿಕೊಂಡು ಹೋಗಬೇಕು.

ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಅದರ ಹಿಡಿ ಸಡಿಲವಾಗಿದೆ, ಗೌರಿಬಿದನೂರಿನಲ್ಲಿ ಬೆಸುಗೆ ಹಾಕಿಸಬೇಕು, ನೀರೇ ಬಿಟ್ಟಿಯಾಗಿ ಹೊತ್ತುಕೊಂಡು ಹೋಗುವಾಗ ಎತ್ತುಗಳಿಗೆ ಯಾಕೆ ತೊಂದರೆ ಎಂದು ಮನೆಯವರಿಗೆ ಹೇಳಿದ. ಕೊಪ್ಪರಿಗೆಯಲ್ಲಿ ಕೂತು ಕೆರೆ ದಾಟುವುದು ಆ ಕಡೆ ಹೊಸದಲ್ಲ, ಯಾರೂ ಬೇಡವೆನ್ನಲಿಲ್ಲ. ಹೆಂಡತಿ ಆಂಜಿನಮ್ಮ ಮಾತ್ರ ಜೊತೆಗೆ ಯಾರು ಹೋಗುತ್ತಾರೆ ಎಂದು ಕೇಳಿದಳು. ಕೇಳುವಷ್ಟರಲ್ಲೇ ಚಲಪತಿ ಒಂದು ಕಾಲು ಒಳಗಿಟ್ಟಿದ್ದ. ಇಬ್ಬರು ಕೂತರೆ ಮುಳುಗುತ್ತೆ ಎಂದು ಅವನನ್ನು ಇಳಿಸಿ, ಗಂಗುಲಪ್ಪ ಹುಟ್ಟು ಹಾಕಿಯೇಬಿಟ್ಟ.

ಆಹಾ, ಏನು ಸುಖ! ಅವನು ಕಾಲು ಚಾಚಿದ. ಯಾರಿಗೂ ತಾಗಲಿಲ್ಲ. ಕೊಪ್ಪರಿಗೆಗೆ ಒಂದೇ ಕೆಟ್ಟ ಚಾಳಿ, ಗಿರಗಿರ ತಿರುಗುವುದು. ಅರ್ಧ ದಾರಿ ಗೌರಿಬಿದನೂರಿಗೆ ಮುಖ, ಇನ್ನರ್ಧ ದಾರಿ ಬೆನ್ನು. ಆದರೂ ಅವನಿಗೆ ಸಂತೋಷ ಉಕ್ಕುತ್ತಿತ್ತು.

ಮೊದಲ ತಿರುವಿನಲ್ಲಿ ಓಬಳಮ್ಮ ಎಂಬ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಯಾವೂರು, ಯಾರ ಮಗ, ಎಲ್ಲಿಗೆ ಎಂದೆಲ್ಲ ವಿಚಾರಿಸಿದಳು.

"ಜೊತೇಲಿ ಯಾರೂ ಇಲ್ವೇನಪ್ಪಾ?"

"ಇಲ್ಲಮ್ಮ, ನಾನೊಬ್ಬನೇ."

"ಏಮಪ್ಪಾ, ಮನೇಲೇನಾದ್ರೂ ಜಗಳವಾ?"

ಇಲ್ಲವೆನ್ನಲು ಅವನು ಬಾಯಿ ತೆರೆದ. ಹಾಳು ಕೊಪ್ಪರಿಗೆ ಅದೇ ಹೊತ್ತಿಗೆ ತಿರುಗಿತು. ಓಬಳಮ್ಮನಿಗೆ ಕಂಡದ್ದು ಅವನ ಬೆನ್ನು. ಪಾಪ, ಕಣ್ಣೀರು ಮರೆಸಿಕೊಂಡು ಮುಖ ತಿರುಗಿಸಿದ ಎಂದುಕೊಂಡಳು.

ಹೊಳೆ ಸುತ್ತಿ ಬಳಸಿ ಹೋಗುತ್ತದೆ, ಮಾತು ನೆಟ್ಟಗೆ ಹೋಗುತ್ತದೆ. ಮುಂದಿನ ಹಳ್ಳಿಯವರಿಗೆ ಆಗಲೇ ಅವನನ್ನು ಹೆಂಡತಿ ಓಡಿಸಿದ್ದಾಳೆಂದು ಗೊತ್ತಿತ್ತು. ಅದರಾಚೆಯ ಹಳ್ಳಿಯಲ್ಲಿ, ಅಣ್ಣತಮ್ಮಂದಿರು ಹೊಲ ಮನೆಯನ್ನೆಲ್ಲ ನುಂಗಿ ಅವನ ಪಾಲಿಗೆ ಕೊಪ್ಪರಿಗೆಯೊಂದನ್ನು ಕೊಟ್ಟು ಕಳಿಸಿದ್ದಾರೆಂದು ಹೆಂಗಸರು ದಡದಲ್ಲಿ ಲೊಚಗುಟ್ಟಿದರು. ಮೂರನೆಯ ಹಳ್ಳಿಗೆ ಬರುವ ಹೊತ್ತಿಗೆ ಅವನು ಸನ್ಯಾಸಿಯಾಗಿ ಕಾಶಿಗೆ ಹೊರಟಿದ್ದ. ಅಲ್ಲಿ ಪಟೇಲ ಮುನಿಶಾಮಪ್ಪನವರು ಹತ್ತು ಆಳುಗಳ ಜೊತೆ ಸೊಂಟದ ನೀರಿನಲ್ಲಿ ಹಗ್ಗ ಹಿಡಿದು ನಿಂತಿದ್ದರು. ಕೊಪ್ಪರಿಗೆಯ ಸಮೇತ ಅವನನ್ನು ದಡಕ್ಕೆಳೆದರು.

ಮೊದಲು ಊಟ, ಆಮೇಲೆ ನ್ಯಾಯ. ಹುಣಸೆ ತೋಪಿನಲ್ಲಿ ಊರೆಲ್ಲ ಸೇರಿತು. ಜಗಳವೇ ಇಲ್ಲವೆಂದು ಗಂಗುಲಪ್ಪ ಆಣೆ ಇಟ್ಟಷ್ಟೂ, ಮನೆಯ ಮರ್ಯಾದೆ ಕಾಯುತ್ತಿದ್ದಾನೆ, ದೊಡ್ಡ ಮನುಷ್ಯ ಎಂದು ಎಲ್ಲರೂ ತಲೆದೂಗಿದರು. ತೊಂಡೇಬಾವಿಯ ಕಡೆಗೆ ಆಗಲೇ ಸೈಕಲ್ಲಿನಲ್ಲಿ ಆಳು ಹೋಗಿದ್ದ.

ಸಂಜೆಗೆ ಮೂರು ಗಾಡಿಗಳಲ್ಲಿ ಇಡೀ ಸಂಸಾರ ಬಂತು. ಆಂಜಿನಮ್ಮ ಗಾಡಿ ನಿಲ್ಲುವ ಮೊದಲೇ ಅಳಲು ಶುರುಮಾಡಿ, ಮೊನ್ನೆ ಹುರುಳಿ ಸಾರಿಗೆ ಉಪ್ಪು ಹೆಚ್ಚಾಗಿದ್ದು ತನ್ನದೇ ತಪ್ಪೆಂದು ಒಪ್ಪಿಕೊಂಡಳು. ಅಣ್ಣ, ತಮ್ಮ ಅವನ ಪಾಲಿನ ಒಂದು ಹಿಡಿ ಮಣ್ಣನ್ನೂ ಮುಟ್ಟಿಲ್ಲವೆಂದು ದೀಪ ಹಚ್ಚಿ ಪ್ರಮಾಣ ಮಾಡಲು ಸಿದ್ಧರಾದರು.

"ನೋಡಪ್ಪಾ, ಹೆದರ್ಕೋಬೇಡ. ಮನಸ್ಸಲ್ಲಿ ಇರೋದನ್ನ ಇದ್ದಂಗೆ ಹೇಳ್ಬಿಡು" ಎಂದರು ಪಟೇಲರು.

ಗಂಗುಲಪ್ಪನಿಗೆ ಸಾಕಾಗಿಹೋಗಿತ್ತು. "ಏನಿಲ್ಲ ಪಟೇಲ್ರೇ. ಒಂದಿನ ಒಬ್ಬನೇ ಇರಣ ಅನ್ನಿಸ್ತು, ಅಷ್ಟೇ" ಎಂದ.

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ರೋಗ ಇಷ್ಟು ದೂರ ಹೋಗಿದೆಯೆಂದು ಯಾರೂ ಎಣಿಸಿರಲಿಲ್ಲ. ಪಟೇಲರು ಮನೆಯವರ ಕಡೆ ತಿರುಗಿದರು.

"ಇಷ್ಟು ಜನ ಇಟ್ಕೊಂಡು ಒಬ್ಬನೇ ಇರಣ ಅನ್ನಿಸ್ತು ಅಂದ್ರೆ, ನೀವ್ಯಾರೂ ಇವನ ಜೊತೆ ಸರಿಯಾಗಿ ಇರ್ಲಿಲ್ಲ ಅಂತ ಆಯ್ತು. ಇನ್ಮೇಲೆ ಒಂದು ಗಳಿಗೇನೂ ಇವನನ್ನ ಒಬ್ಬನ್ನೇ ಬಿಡಂಗಿಲ್ಲ. ಇದು ಹತ್ತು ಜನದ ಮಾತು."

ಮನೆಯವರೆಲ್ಲ ತಪ್ಪಾಯಿತೆಂದು ಕೈಮುಗಿದರು. ಚಲಪತಿ ಮುಂದೆ ಬಂದ. ದೀಪಾವಳಿ ಕಳೆದು ಊರಿಗೆ ಹೋಗಬೇಕೆಂದಿದ್ದನಂತೆ, ಇನ್ನು ಭಾವನನ್ನು ಈ ಸ್ಥಿತಿಯಲ್ಲಿ ಬಿಟ್ಟು ಎಲ್ಲಿಗೆ ಹೋಗಲಿ ಎಂದ.

ಮರುದಿನ ಬೆಳಗ್ಗೆ ಗಂಗುಲಪ್ಪ ಚೊಂಬು ಹಿಡಿದು ಊರಾಚೆಗೆ ಹೋಗಿ, ದೊಡ್ಡ ತಂಗಡಿ ಗಿಡದ ಮರೆಯಲ್ಲಿ ಕೂತ. ಗಿಡದ ಆ ಬದಿಯಿಂದ ಯಾರೋ ಮೆಲ್ಲಗೆ ಕೆಮ್ಮಿದರು.

"ಭಾವಾ, ನಾನಿಲ್ಲೇ ಇದೀನಿ. ಏನಾದ್ರೂ ಮಾತಾಡ್ತಾ ಇರಿ."