ನಾನು ಬಚ್ಚಿಟ್ಟ ರಕ್ತದ ರಿಪೋರ್ಟು

ವಂಶದಲ್ಲಿ ಬರುವ ಕಾಯಿಲೆಗಳನ್ನು ಮುಚ್ಚಿಡಬೇಡಿ ಎಂದು ಶಿವಮೊಗ್ಗ, ಭದ್ರಾವತಿಯ ಮನೆಮನೆಗೆ ಹೇಳಿಕೊಂಡು ತಿರುಗುವುದು ನನ್ನ ಕೆಲಸ. ಎಡವಟ್ಟುಗಳೂ ನನ್ನ ಜೊತೆಗೇ ತಿರುಗುತ್ತವೆ. ಈಚೆಗೆ ಮಗಳಿಗೆ ಗಂಡು ನೋಡುವಾಗ ಆದದ್ದನ್ನು ನೆನೆದರಂತೂ ಈಗಲೂ ಮುಖ ಬಿಸಿಯಾಗುತ್ತದೆ.

೧. ಯಾರ ಕಡೆಯದು?

ನ್ಯೂ ಟೌನಿನ ಒಂದು ಮನೆಯಲ್ಲಿ ವಂಶವೃಕ್ಷ ಬರೆದುಕೊಳ್ಳುತ್ತಿದ್ದೆ. ಸಕ್ಕರೆ ಕಾಯಿಲೆ ಯಾರಿಗಿದೆ ಎಂದು ಕೇಳಿದ್ದೇ ತಡ, ಮನೆಯಾಕೆ ಗಂಡನ ಕಡೆ ಕೈ ತೋರಿಸಿದರು.

"ಎಲ್ಲಾ ಇವ್ರ ಕಡೆಯಿಂದ ಬಂದಿದ್ದು. ನಮ್ಮ ತಾಯಿ ಕಡೆ ಯಾರಿಗೂ ಇಲ್ಲ."

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ಇವಳ ತಾಯಿ ನನ್ನ ಸ್ವಂತ ಅಕ್ಕ. ಅದನ್ನೂ ಬರ್ಕೊಳ್ಳಮ್ಮ."

ನಾನು ಗಂಭೀರವಾಗಿ ವಿವರಿಸಬೇಕಿತ್ತು. ನಗು ತಡೆಯಲಾಗದೆ ಬಾಯಲ್ಲಿದ್ದ ಕಾಫಿ ಚಾರ್ಟಿನ ಮೇಲೆ ಚಿಮ್ಮಿತು. ಆಕೆ ಮುಖ ಸಣ್ಣದು ಮಾಡಿಕೊಂಡು ಬಟ್ಟೆ ತಂದು, ತಮ್ಮ ವಂಶವನ್ನೆಲ್ಲ ಒರೆಸಿದರು.

೨. ಅತ್ತೆಗೆ ಮೊದಲು

ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಪರೀಕ್ಷೆಗೆ ಒಬ್ಬನೂ ಏಳಲಿಲ್ಲ. ಕೊನೆಗೆ ಒಬ್ಬ ವೆಲ್ಡರ್ ಎದ್ದ.

"ಮಾಡಿಸ್ತೀನಿ ಮೇಡಂ. ಆದ್ರೆ ನಮ್ಮತ್ತೆ ರಕ್ತ ಮೊದ್ಲು ತಗೊಳ್ಳಿ. ಏನೇ ಸಿಕ್ರೂ ಅವ್ರಿಂದ್ಲೇ ಬಂತು ಅಂತ ಬರೆದುಬಿಡಿ."

ತಿದ್ದಿ ಹೇಳಬೇಕಾದವಳು ನಾನು. ಪಟ್ಟಿಗೆ ಎರಡು ಹೆಸರು ಸಿಕ್ಕಿತಲ್ಲ ಎಂಬ ದುರಾಸೆಗೆ ಅತ್ತೆಯ ವಯಸ್ಸು ಕೇಳಿದೆ.

೩. ನಮ್ಮ ಮನೆಯದು

ನನ್ನ ಮಗಳು ಥಲಸ್ಸೀಮಿಯಾ ವಾಹಕಿ. ಅವಳಿಗೆ ಕಾಯಿಲೆಯಿಲ್ಲ; ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಮಗುವಿಗೆ ಆ ಕಾಯಿಲೆ ಬರುವ ಭಯ. ಇದನ್ನು ಊರಿಗೆಲ್ಲ ಹೇಳುವ ನಾನು, ಸಂಬಂಧ ತಪ್ಪೀತೆಂದು ಹೆದರಿ ಅವಳ ರಿಪೋರ್ಟನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿ ತುರುಕಿದ್ದೆ.

ರವೀಂದ್ರನಗರದ ನಮ್ಮ ಮನೆಗೆ ಗಂಡಿನ ಕಡೆಯವರು ಬಂದರು. ಜಾತಕ ಕೊಟ್ಟೆ. ಹುಡುಗನ ತಾಯಿ ಅದನ್ನು ಪಕ್ಕಕ್ಕಿಟ್ಟು ಚೀಲದಿಂದ ಕಾಗದವೊಂದನ್ನು ತೆಗೆದರು.

"ನಮ್ಮ ಹುಡುಗನ ರಕ್ತದ ರಿಪೋರ್ಟು. ನಾರ್ಮಲ್ ಇದೆ. ಜಾತಕಕ್ಕಿಂತ ಮೊದ್ಲು ಇದನ್ನ ತೋರ್ಸಿ ಅಂತ ನಮ್ಮ ಮಹಿಳಾ ಸಂಘದಲ್ಲಿ ನೀವೇ ಹೇಳಿದ್ರಲ್ಲ ಮೇಡಂ. ನಿಮ್ಮ ಮಗಳದ್ದು?"

"ಲ್ಯಾಬಿನವ್ರು ಇನ್ನೂ ಕೊಟ್ಟಿಲ್ಲ," ಎಂದೆ.

ಮಗಳು ಎದ್ದು ಒಳಗೆ ಹೋದಳು. ಬೀರು ತೆಗೆದ ಸದ್ದು ನಡುಮನೆಗೆಲ್ಲ ಕೇಳಿಸಿತು. ರಿಪೋರ್ಟು ತಂದು ಆಕೆಯ ಕೈಗಿಟ್ಟಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಆಕೆ ನಿಧಾನವಾಗಿ ಓದಿದರು. "ಒಬ್ರಿಗೆ ಮಾತ್ರ ಇದ್ರೆ ಭಯ ಇಲ್ಲ, ಅಲ್ವೇನಮ್ಮ?"

"ಹೂಂ," ಎಂದಳು ಮಗಳು.

ಆಕೆ ನನ್ನ ಕಡೆ ತಿರುಗಿದರು. "ನಾಡಿದ್ದು ನಮ್ಮ ಸಂಘದ ಮೀಟಿಂಗ್ ಇದೆ, ಬನ್ನಿ ಬೀಗರೇ. ಈ ಸಲ ನೀವು ಕೂತ್ಕೊಂಡು ಕೇಳಿ, ಭಾಷಣ ಸೊಸೆ ಮಾಡ್ಲಿ."