ಅತ್ತೆಗೆ ಶಿಫಾರಸು ಮಾಡಿದ ರಾಣಿ

ಭೂಮಂಡಲದಲ್ಲಿ ತನಗೆ ಒಗ್ಗುವ ಪುಸ್ತಕ ಸಿಗದೆ ನರಳುವ ಒಬ್ಬನೇ ಒಬ್ಬ ಮನುಷ್ಯನೂ ಉಳಿಯಕೂಡದು! ಇದು ಹೆರ್ನಾನಿ ಸೊರೊಂಗೊನ್ ತೊಟ್ಟಿದ್ದ ಪಣ. ಭೂಮಂಡಲ ಒಬ್ಬನ ಕೈಲಾಗುವಷ್ಟು ಚಿಕ್ಕದಲ್ಲವಾದ್ದರಿಂದ ಸದ್ಯಕ್ಕೆ ಇಲೋಯಿಲೋ ನಗರವೊಂದನ್ನು ಉದ್ಧಾರ ಮಾಡುವ ಹೊಣೆ ಹೊತ್ತಿದ್ದ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಮಾರುಕಟ್ಟೆಯ ನೂಡಲ್ ಅಂಗಡಿಯಲ್ಲಿ ಏಳೆಂಟು ಮಂದಿ ಓದುಗರು ಸೇರುತ್ತಿದ್ದರು. ಬಿಸಿ ಬಾಚೊಯ್ ನೂಡಲ್ ಬಟ್ಟಲುಗಳ ನಡುವೆ ಹೆರ್ನಾನಿಯ ದವಾಖಾನೆ ತೆರೆಯುತ್ತಿತ್ತು. ಎದುರಿಗೆ ಕೂತವರ ಮುಖವನ್ನು ದಿಟ್ಟಿಸಿ, "ಹೋದ ವರ್ಷ ಯಾವ ಪುಸ್ತಕ ಅರ್ಧಕ್ಕೆ ಬಿಟ್ರಿ?" ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದ. ಉತ್ತರ ಬಂದ ತಕ್ಷಣ ಔಷಧಿ ಸಿದ್ಧ. "ನಿಮಗೆ ಡ್ರ್ಯಾಗನ್ ಒಗ್ಗಲ್ಲ, ಪಿತ್ತ ಜಾಸ್ತಿ. ಒಬ್ಬ ಮಾಟಗಾತಿ, ಮುನ್ನೂರು ಪುಟ, ಊಟ ಆದ್ಮೇಲೆ ತಗೊಳ್ಳಿ." ಒಬ್ಬ ದಂತವೈದ್ಯೆಗೆ ಐದು ಸಂಪುಟದ ಮಾಯಾಯುದ್ಧವನ್ನು ಆಡಿಯೋ ಬುಕ್ ರೂಪದಲ್ಲಿ ಬರೆದುಕೊಟ್ಟಿದ್ದ. ಆಕೆ ಅದನ್ನು ಕೆಲಸದ ಹೊತ್ತಿನಲ್ಲೇ ಹಾಕಿಕೊಂಡಳು. ಒಂದು ಹಲ್ಲು ಕೀಳಿಸಿಕೊಂಡು ಹೋದ ರೋಗಿ, ಯುದ್ಧ ಏನಾಯಿತೆಂದು ತಿಳಿಯಲು ಮರುವಾರ ಇನ್ನೊಂದು ಹಲ್ಲು ಕೀಳಿಸಿಕೊಳ್ಳಲು ಬಂದನಂತೆ!

ಇಂಥ ಧನ್ವಂತರಿಗೆ ಮನೆಯಲ್ಲಿ ಮಾತ್ರ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ಮನೆ ಅತ್ತೆಯದು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅತ್ತೆ ಪುರಿಂಗ್ ಅವನನ್ನು ಕರೆಯುತ್ತಿದ್ದುದು ಎರಡೇ ಕೆಲಸಕ್ಕೆ: ನೀರಿನ ಕ್ಯಾನು ಎತ್ತಿಡಲು, ಮತ್ತು ಎತ್ತಿಟ್ಟ ಕ್ಯಾನನ್ನು ಸರಿಯಾದ ಕಡೆ ಎತ್ತಿಡಲು. ಅವನ ಎಂಟುನೂರು ಪುಸ್ತಕಗಳು ಅಕ್ಕಿಡಬ್ಬಿಯ ಹಿಂದೆ, ಮಂಚದ ಕೆಳಗೆ, ಬಚ್ಚಲಿಗೆ ಹೋಗುವ ಹಾದಿಯಲ್ಲಿ ನಿರಾಶ್ರಿತರಂತೆ ಬಿದ್ದಿದ್ದವು. ಮಹಡಿಯ ಮೇಲೆ ಒಂದು ಕೋಣೆಯೇನೋ ಇತ್ತು. ತೀರಿಹೋದ ಮಾವನ ಕಾಳಗದ ಹುಂಜಗಳ ಖಾಲಿ ಪಂಜರಗಳು ಅದರೊಳಗೆ ರಾಜ್ಯಭಾರ ಮಾಡುತ್ತಿದ್ದವು. ಆ ಕೋಣೆ ಕೊಡಿ ಎಂದು ಹೆರ್ನಾನಿ ಆರು ವರ್ಷದಿಂದ ಕೇಳುತ್ತಲೇ ಇದ್ದ. ಆರು ವರ್ಷದಿಂದಲೂ ಒಂದೇ ಉತ್ತರ: "ನೋಡೋಣ."

"ಕೊಡಲ್ಲ ಅಂತ ಬಾಯಿಬಿಟ್ಟು ಹೇಳಬಹುದಲ್ಲ ನಿಮ್ಮಮ್ಮ!" ಎಂದು ಅವನು ಹೆಂಡತಿ ಜೆನಲಿನ್ ಹತ್ತಿರ ಗೋಳಾಡಿದ.

"ಕೊಡಲ್ಲ ಅಂದ್ರೆ ನೀನು ಕ್ಯಾನು ಎತ್ತೋದು ನಿಲ್ಲಿಸ್ತೀಯ. ಅಷ್ಟು ಗೊತ್ತಾಗಲ್ವಾ ಅಮ್ಮಂಗೆ?" ಎಂದಳು ಜೆನಲಿನ್.

ಹೀಗಿರುವಾಗ ಪವಾಡವೊಂದು ನಡೆಯಿತು. ಚರ್ಚಿನ ಹಬ್ಬಕ್ಕೆ ಎರಡೇ ದಿನವಿತ್ತು. ಹಬ್ಬಕ್ಕೆ ಬರುವವರಿಗೆಲ್ಲ ಇಬೋಸ್ ಹಂಚುವುದು ಅತ್ತೆಯ ಬೀದಿಯ ಹೆಂಗಸರ ಪಾಲಿನ ಕೆಲಸ. ತೆಂಗಿನ ಎಳೆಗರಿಯನ್ನು ಕೊಳವೆಯಂತೆ ಸುತ್ತಿ, ತೆಂಗಿನಹಾಲು ಬೆರೆಸಿದ ಅಂಟಕ್ಕಿ ತುಂಬಿ, ಕಟ್ಟಿ ಬೇಯಿಸಬೇಕು. ಒಂದಲ್ಲ, ಎರಡಲ್ಲ, ಆರುನೂರು! ಆರು ಹೆಂಗಸರು ಅಂಗಳದಲ್ಲಿ ಕೂತರೆ ಕೈಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಪ್ರತಿ ವರ್ಷ ಆ ಕಿವಿಗಳನ್ನು ರೇಡಿಯೋ ನಾಟಕ ತುಂಬುತ್ತಿತ್ತು. ಈ ಸಲ ನಾಟಕ ಹೋದ ವಾರವೇ ಮುಗಿದುಹೋಗಿ, ಆ ಹೊತ್ತಿಗೆ ಗೊಬ್ಬರದ ಬಗ್ಗೆ ಭಾಷಣ ಬರುತ್ತಿತ್ತು.

"ತೋತೋ, ಬಾ ಇಲ್ಲಿ," ಎಂದರು ಅತ್ತೆ, ಊರಿನ ಹುಡುಗರನ್ನೆಲ್ಲ ಕರೆಯುವ ಹಾಗೆ. ಹೆರ್ನಾನಿ ಅಭ್ಯಾಸಬಲದಿಂದ ನೀರಿನ ಕ್ಯಾನಿನ ಕಡೆ ನಡೆದ. "ಅದಲ್ಲ! ಕಿವೀಗೇನೋ ಸಿಕ್ಕಿಸ್ಕೊಂಡು ತಿರುಗ್ತೀಯಲ್ಲ, ಅದ್ರಲ್ಲಿ ನಾವು ಕೇಳೋ ಅಂಥ ಕಥೆ ಏನಾದ್ರೂ ಇದೆಯಾ?"

ಹನ್ನೊಂದು ವರ್ಷದಲ್ಲಿ ಅತ್ತೆ ಅವನಿಗೆ ಗೊತ್ತಿರುವುದೊಂದನ್ನು ಕೇಳಿದ್ದು ಇದೇ ಮೊದಲು!

"ಇಲ್ದೇ ಏನು, ನನಾಯ್! ಎಂಥದ್ದು ಬೇಕು ಹೇಳಿ." ಅತ್ತೆಯನ್ನು ಅವನು ಕರೆಯುತ್ತಿದ್ದುದು ನನಾಯ್, ಅಂದರೆ ಅಮ್ಮ, ಎಂದೇ.

"ಉದ್ದ ಇರ್ಬೇಕು. ಹೆಂಗಸು ಧೈರ್ಯವಾಗಿರ್ಬೇಕು. ಚರ್ಚಿಗೆ ಹೋಗೋ ತಿಂಡಿ ಕಣಪ್ಪ, ಹಾಳು ಕಥೆ ಬೇಡ. ನೀನು ಪೂರ್ತಿ ಕೇಳಿರೋದನ್ನೇ ಕೊಡು." ಜಪಮಾಲೆ ಸಂಘದ ಮುಖ್ಯಸ್ಥೆ ತಿಯಾ ಮಾಮೆಂಗ್ ಪಕ್ಕದಲ್ಲೇ ಕೂತು ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಬೂದಿ ಬಂದರಿನ ರಾಣಿ!" ಎಂದು ಹೆರ್ನಾನಿ ಘೋಷಿಸಿದ. "ನಲವತ್ತೊಂದು ಗಂಟೆ. ಒಬ್ಬಳು ರಾಣಿ, ಒಬ್ಬ ಸಮುದ್ರದ ದೈತ್ಯ. ಬಂಗಾರದಂಥ ಕಥೆ. ನಾನೇ ಮೂರು ಸಲ ಕೇಳಿದ್ದೀನಿ!"

ಮೂರು ಸಲ ಎಂಬುದು ಸುಳ್ಳೇನಲ್ಲ. ಫೋನಿನಲ್ಲಿ ಮೂರು ಸಲ 'ಪೂರ್ತಿಯಾಯಿತು' ಎಂಬ ಗುರುತು ಬಿದ್ದಿತ್ತು. ಆದರೆ ಆ ಪಾರಾಯಣ ನಡೆದದ್ದು ಪಕ್ಕದೂರಿನ ಕಚೇರಿಗೆ ಹೋಗಿಬರುವ ಜೀಪ್ನಿ ಎಂಬ ಪುಟ್ಟ ಬಸ್ಸಿನಲ್ಲಿ. ಓದುವವಳ ದನಿಯೋ ಜೇನಿನಂಥದ್ದು. ಜೀಪ್ನಿ ಹೊರಟು ಎರಡನೇ ತಿರುವು ದಾಟುವಷ್ಟರಲ್ಲಿ ಹೆರ್ನಾನಿಯ ತಲೆ ಪಕ್ಕದವರ ಹೆಗಲಿಗೆ ಒರಗುತ್ತಿತ್ತು. ಇಳಿಯುವ ಜಾಗ ಬಂದಾಗ ಎಚ್ಚರ. ನಡುವಿನ ಕಥೆ ಪಾಪ ತನ್ನ ಪಾಡಿಗೆ ತಾನು ನಡೆದುಹೋಗುತ್ತಿತ್ತು. ಅಲ್ಲಲ್ಲಿ ಕೊಂಡಿ ತಪ್ಪುತ್ತದಲ್ಲ ಎಂದು ಅವನಿಗೂ ಅನ್ನಿಸಿತ್ತು. ಆದರೆ ಅದನ್ನು ಲೇಖಕನ ಶೈಲಿ ಎಂದು ತಿಳಿದಿದ್ದ! "ಎಷ್ಟನ್ನು ಓದುಗರ ಊಹೆಗೇ ಬಿಟ್ಟಿದ್ದಾನೆ ನೋಡಿ!" ಎಂದು ನೂಡಲ್ ಅಂಗಡಿಯಲ್ಲಿ ಅರ್ಧ ಗಂಟೆ ಹೊಗಳಿಯೂ ಇದ್ದ.

ಮೊದಲ ದಿನ ವಿಜಯೋತ್ಸವ. ಹಳೆಯ ಫೋನೊಂದನ್ನು ಸ್ಪೀಕರಿಗೆ ಜೋಡಿಸಿ, ಕಥೆ ಹಚ್ಚಿ, ಹೆರ್ನಾನಿ ಕಚೇರಿಗೆ ಹೋದ. ಸಂಜೆ ಬಂದಾಗ ಹೆಂಗಸರು ತಲೆ ಎತ್ತಲಿಲ್ಲ. ಇನ್ನೂರೈವತ್ತು ಇಬೋಸ್ ಸಾಲಾಗಿ ಮಲಗಿದ್ದವು. ಊಟಕ್ಕೆ ಕೂತಾಗ ಅತ್ತೆ ಹುರಿದ ಮೀನಿನ ಹೊಟ್ಟೆಯ ತುಂಡನ್ನು, ಆ ಮನೆಯಲ್ಲಿ ಪಾದ್ರಿ ಬಂದಾಗ ಮಾತ್ರ ಬಡಿಸುವ ತುಂಡನ್ನು, ಅಳಿಯನ ತಟ್ಟೆಗೆ ಹಾಕಿದರು.

"ಆ ಪಂಜರಗಳು ಯಾರಿಗಾದ್ರೂ ಬೇಕಾ ಅಂತ ವಿಚಾರಿಸ್ಬೇಕು," ಎಂದರು ಗಾಳಿಗೆ ಹೇಳಿದ ಹಾಗೆ.

ಹೆರ್ನಾನಿ ಮೇಜಿನ ಕೆಳಗೆ ಹೆಂಡತಿಯ ಕಾಲು ತುಳಿದ. "ಕೇಳಿಸ್ತಾ?"

"ಕೇಳಿಸ್ತು. ಕಾಲು ತೆಗಿ," ಎಂದಳು ಜೆನಲಿನ್. "ಆ ಪುಸ್ತಕ ನೀನು ನಿಜವಾಗ್ಲೂ ಕೇಳಿದ್ದೀಯ ತಾನೇ?"

"ಮೂರು ಸಲ!"

ಎರಡನೇ ದಿನ ಮಧ್ಯಾಹ್ನ ಹೆರ್ನಾನಿ ಕಚೇರಿಯ ಕಪಾಟಿನ ಅಳತೆ ತೆಗೆಯುತ್ತಿದ್ದ. ಮಹಡಿ ಕೋಣೆಗೆ ಎಷ್ಟು ಕಪಾಟು ಹಿಡಿಸುತ್ತವೆ ಎಂಬ ಲೆಕ್ಕ! ಆಗ ಜೆನಲಿನ್ ಫೋನು.

"ಬಾಯಿಮುಚ್ಕೊಂಡು ಕೇಳು. ಫಾದರ್ ಎಲಿಸಿಯೋ ಇಬೋಸ್ ಎಷ್ಟಾಯ್ತು ಅಂತ ನೋಡೋಕೆ ಬಂದಿದ್ದಾರೆ. ಅವರು ಗೇಟು ತೆಗೆಯೋದಕ್ಕೂ ಹದಿನಾಲ್ಕನೇ ಅಧ್ಯಾಯ ಶುರುವಾಗೋದಕ್ಕೂ ಸರಿಹೋಯ್ತು."

"ಏನಿದೆ ಹದಿನಾಲ್ಕನೇ ಅಧ್ಯಾಯದಲ್ಲಿ?"

"ನನ್ನ ಕೇಳ್ತೀಯಾ? ರಾಣಿ, ದೈತ್ಯ, ಬಿಸಿನೀರಿನ ಕೊಳ! ಇಪ್ಪತ್ತು ನಿಮಿಷ ಆಯ್ತು, ಇನ್ನೂ ಕೊಳದಿಂದ ಎದ್ದಿಲ್ಲ! ಎಲ್ಲರ ಕೈಯಲ್ಲೂ ಅಂಟಕ್ಕಿ, ತೆಂಗಿನಹಾಲು. ತಿಯಾ ಮಾಮೆಂಗ್ ಮೊಣಕೈಯಿಂದ ನಿಲ್ಲಿಸೋಕೆ ಹೋಗಿ ಸದ್ದು ಇನ್ನೂ ಜಾಸ್ತಿ ಮಾಡಿದ್ರು. ಬೀದಿ ಪೂರ್ತಿ ಕೇಳಿಸ್ಕೊಂಡಿದೆ. ಆಚೆಮನೆ ಮೆಕ್ಯಾನಿಕ್ಕು ಕೆಲಸ ನಿಲ್ಲಿಸಿ ಬೇಲಿ ಹತ್ರ ನಿಂತಿದ್ದಾನೆ. ನಾನು ಸ್ನಾನಕ್ಕೆ ಹೋಗಿದ್ದೆ, ಓಡಿಬಂದು ಈಗ ನಿಲ್ಲಿಸ್ದೆ!"

ಹೆರ್ನಾನಿಯ ಕೈಯಿಂದ ಅಳತೆಪಟ್ಟಿ ಸುರುಳಿ ಸುತ್ತಿಕೊಂಡು ಜಾರಿಹೋಯಿತು. ಕೊಳ? ಯಾವ ಕೊಳ? ಮೂರು ಸಲದಲ್ಲಿ ಒಂದು ಸಲವೂ ಅವನು ಆ ನೀರಿಗೆ ಇಳಿದವನಲ್ಲ!

"ಈಗ ಫಾದರ್ ಕೇಳ್ತಿರೋದು ಒಂದೇ ಮಾತು," ಜೆನಲಿನ್ ದನಿ ತಗ್ಗಿಸಿದಳು. "ಅವರಿಬ್ಬರೂ ಗಂಡ ಹೆಂಡತಿನಾ ಅಂತ. ಅಮ್ಮ ಏನಂದ್ಲು ಗೊತ್ತಾ? 'ನನ್ನ ಅಳಿಯ ಮೂರು ಸಲ ಕೇಳಿದ್ದಾನೆ ಫಾದರ್, ನನ್ನ ಬಾಯಲ್ಲಿ ಬೇಡ, ಅವನನ್ನೇ ಕೇಳಿ' ಅಂದ್ಲು. ಸ್ಪೀಕರಲ್ಲಿ ಹಾಕ್ತಿದ್ದೀನಿ. ಸರಿಯಾಗಿ ಹೇಳು."

ಹೆರ್ನಾನಿ ಕುರ್ಚಿಯಿಂದ ಎದ್ದು ನಿಂತು ಅಂಗಿ ಸರಿಮಾಡಿಕೊಂಡ. ತಲೆಯೊಳಗೆ ನಲವತ್ತೊಂದು ಗಂಟೆಯನ್ನು ಜಾಲಾಡಿದ. ಅಲ್ಲಿ ಸಿಕ್ಕಿದ್ದು ಇಷ್ಟೇ: ರಾಣಿ ಹಡಗಿನಿಂದ ಇಳಿಯುತ್ತಾಳೆ, ಯಾರೋ ಕೂಗುತ್ತಾರೆ, ಜೀಪ್ನಿ ನಿಲ್ಲುತ್ತದೆ. ಕೊನೆಯಲ್ಲಿ ಕೋಟೆಯ ಮೇಲೆ ಬಾವುಟ ಹಿಡಿದು ಒಬ್ಬಳೇ ನಿಂತಿರುತ್ತಾಳೆ. ಒಬ್ಬಳೇ! ಅಂದಮೇಲೆ ಗಂಡನೆಲ್ಲಿಂದ ಬಂದ? ಸಾಹಿತ್ಯದ ಮಾನ ಕಾಪಾಡುವ ಗಳಿಗೆ ಇದೇ ಎಂದು ಅವನ ಎದೆ ಉಬ್ಬಿತು.

"ಫಾದರ್, ನಮಸ್ಕಾರ. ಮದುವೆ ಗಿದುವೆ ಏನೂ ಇಲ್ಲ! ಆ ರಾಣಿ ಯಾರಿಗೂ ಕತ್ತು ಬಗ್ಗಿಸೋಳಲ್ಲ. ಅದೇ ಆ ಪುಸ್ತಕದ ದೊಡ್ಡತನ. ಕೊನೇಲಿ ನೋಡಿ, ಕೋಟೆ ಮೇಲೆ ಒಬ್ಬಳೇ ನಿಂತಿರ್ತಾಳೆ!"

ಅತ್ತ ಕಡೆ ಯಾವುದೋ ಹೆಂಗಸು "ಅಯ್ಯೋ!" ಎಂದು ಕಿರುಚಿದ್ದು ಕೇಳಿಸಿತು. ತನ್ನ ಮಾತು ಎದೆಗೆ ನಾಟಿತು ಎಂದುಕೊಂಡ ಹೆರ್ನಾನಿ. ಫೋನು ಕಟ್ಟಾಯಿತು.

ಸಂಜೆ ಜೀಪ್ನಿಯಲ್ಲಿ ಅವನಿಗೆ ನಿದ್ದೆ ಬರಲಿಲ್ಲ. ಮಹಡಿ ಕೋಣೆಗೆ ಹಸಿರು ಪರದೆಯೋ ನೀಲಿಯೋ ಎಂದು ಯೋಚಿಸುತ್ತ ಬಂದ. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತ. ಆರು ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಎದುರಿಗೆ ಒಂದು ಖಾಲಿ ಸ್ಟೂಲು. ಬಾಗಿಲಲ್ಲಿ ಜೆನಲಿನ್ ಬಾಯಿಗೆ ಟವೆಲು ಅಡ್ಡ ಹಿಡಿದು ನಿಂತಿದ್ದಳು, ಅಳು ತಡೆಯುವುದಕ್ಕಲ್ಲ.

"ಕೂತ್ಕೋ," ಎಂದರು ಅತ್ತೆ.

ಕೂತ.

"ಒಂಬತ್ತನೇ ಅಧ್ಯಾಯದಲ್ಲಿ ಏನಾಗುತ್ತೆ?"

"ಒಂಬತ್ತನೇ... ಅಲ್ಲಿ ಲೇಖಕ ಬಹಳ ಸೂಕ್ಷ್ಮವಾಗಿ, ನನಾಯ್..."

"ಮದುವೆ ಆಗುತ್ತೆ!" ಗುಡುಗಿದರು ತಿಯಾ ಮಾಮೆಂಗ್. "ದೀಪದ ಕಂಬದ ಕೆಳಗೆ, ಏಳು ಜನ ಸಾಕ್ಷಿ ಮುಂದೆ! ಒಂದು ಗಂಟೆ ಮದುವೆ! ನಾವೆಲ್ಲ ಅತ್ವಿ. ನಿಂಗೆ ಕಾಣ್ಲಿಲ್ವಾ?"

"ಅದು... ಹಾಗಲ್ಲ..."

"ರಾಣಿಗೆ ಕೈ ಎಷ್ಟು?" ಎಂದು ಕೇಳಿದರು ಅತ್ತೆ.

ಇದೊಳ್ಳೆ ಪ್ರಶ್ನೆ! ಇಷ್ಟು ಸುಲಭದ್ದು ಕೇಳಿದರಲ್ಲ ಎಂದು ಹೆರ್ನಾನಿಗೆ ಜೀವ ಬಂತು. "ಎರಡು!"

ಬೆಂಚಿನಿಂದ ನಿಟ್ಟುಸಿರು ಹೊರಟಿತು. "ನಾಲ್ಕನೇ ಅಧ್ಯಾಯದಿಂದ ಒಂದೇ," ಎಂದರು ಅತ್ತೆ ಮೆಲ್ಲಗೆ. "ಮೊಸಳೆ ಬಾಯಿಂದ ಆ ಮಗೂನ ಬಿಡಿಸ್ಕೊಂಡಾಗ ಹೋಯ್ತು. ಇಡೀ ಪುಸ್ತಕ ಇರೋದೇ ಆ ಕೈ ಮೇಲೆ, ತೋತೋ."

ಹೆರ್ನಾನಿ ತಲೆ ತಗ್ಗಿಸಿದ. ಇನ್ನು ಬಚ್ಚಿಡುವುದೇನಿದೆ! ಜೀಪ್ನಿ, ಜೇನಿನಂಥ ದನಿ, ಪಕ್ಕದವರ ಹೆಗಲು, ಎಲ್ಲವನ್ನೂ ಒಪ್ಪಿಕೊಂಡ.

"ನಿದ್ದೆ ಮಾಡಿದ್ದಕ್ಕೆ ಬೈಯಲ್ಲ," ಎಂದರು ಅತ್ತೆ. "ಕೊಳದ ವಿಷಯಕ್ಕೂ ಬೈಯಲ್ಲ. ಮದುವೆ ಆದವರು, ಏನಾದ್ರೂ ಮಾಡ್ಕೊಳ್ಳಲಿ. ಫಾದರ್ ಕೂಡ ಕೂತು ಒಂಬತ್ತನೇ ಅಧ್ಯಾಯ ಪೂರ್ತಿ ಕೇಳಿ, ನಾಲ್ಕು ಇಬೋಸ್ ತಿಂದು, ಮದುವೆ ಊರ್ಜಿತ ಅಂತ ಹೇಳೇ ಹೋದ್ರು. ಆದ್ರೆ ಇವತ್ತು ಇಡೀ ಬೀದಿ ಮುಂದೆ 'ನನ್ನ ಅಳಿಯನ್ನ ಕೇಳಿ' ಅಂದೆ. ಹಾಗಂತ ಯಾವತ್ತೂ ಅಂದಿರ್ಲಿಲ್ಲ ನಾನು."

ನೂಡಲ್ ಅಂಗಡಿಯಲ್ಲಿ ಎಷ್ಟು ಜನ ಹೊಗಳಿದ್ದರೂ ಹೆರ್ನಾನಿಗೆ ಬೇಕಾಗಿದ್ದದ್ದು ಈ ಒಂದು ಮಾತು. ಅದು ಬಂದಿತ್ತು, ಬಂದ ಬಾಗಿಲಲ್ಲೇ ಅದನ್ನು ತಾನೇ ಓಡಿಸಿದ್ದ. ಅವನಿಗೆ ನಿಜವಾಗಿಯೂ ಅಳು ಬಂತು.

"ತಪ್ಪಾಯ್ತು, ನನಾಯ್."

"ಅದೆಲ್ಲ ಹಾಗಿರ್ಲಿ!" ತಿಯಾ ಮಾಮೆಂಗ್ ತೆಂಗಿನಗರಿಯ ಕಡ್ಡಿ ಝಳಪಿಸಿದರು. "ಕೊನೇಲಿ ಒಬ್ಬಳೇ ನಿಂತಿರ್ತಾಳೆ ಅಂದ್ಯಲ್ಲ, ಹಾಗಾದ್ರೆ ಗಂಡ ಸಾಯ್ತಾನೆ! ನಾವಿನ್ನೂ ಹದಿನಾಲ್ಕರಲ್ಲಿದ್ದೀವಿ, ಕೊಲೆಗಡುಕ! ಇದನ್ನ ಮಾತ್ರ ಮಾತೆ ಮರಿಯಮ್ಮನೂ ಕ್ಷಮಿಸಲ್ಲ!"

ಅತ್ತೆ ಎದ್ದು, ಸೊಂಟದ ಗಂಟಿನಿಂದ ಬೀಗದಕೈ ತೆಗೆದರು. "ಪಂಜರಗಳನ್ನ ಮೆಕ್ಯಾನಿಕ್ಕು ತಗೊಂಡು ಹೋದ. ಕೋಣೆ ಖಾಲಿ ಇದೆ. ಪುಸ್ತಕ ಎಲ್ಲ ಮೇಲೆ ಇಡು."

ಹೆರ್ನಾನಿಗೆ ನಂಬಲಾಗಲಿಲ್ಲ. ಆ ರಾತ್ರಿಯೂಟಕ್ಕೆ ಮುಂಚೆಯೇ ಎಂಟುನೂರು ಪುಸ್ತಕಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಇಳಿದ, ಹತ್ತಿ ಇಳಿದ. ಕೊನೆಯ ಕಟ್ಟನ್ನು ಇಟ್ಟು, ಬೆವರು ಒರೆಸಿಕೊಂಡು, ಕಿಟಕಿಯ ಪಕ್ಕ ಕುರ್ಚಿ ಎಲ್ಲಿ ಹಾಕುವುದೆಂದು ನೋಡುತ್ತಿದ್ದಾಗ ಅತ್ತೆ ಅವನನ್ನು ಹೊರಗೆ ಕರೆದು, ಬಾಗಿಲೆಳೆದು, ಬೀಗ ಹಾಕಿ, ಬೀಗದಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನನಾಯ್, ಕೋಣೆ ನನಗೆ ಕೊಟ್ರಿ ಅಂದ್ಕೊಂಡೆ..."

"ಪುಸ್ತಕಕ್ಕೆ ಕೊಟ್ಟೆ," ಎಂದರು ಅತ್ತೆ. "ನಾವಾರು ಜನ ಗುರುವಾರ ಗುರುವಾರ ಇಲ್ಲಿ ಸೇರ್ತೀವಿ."

ಹಬ್ಬ ಮುಗಿದ ವಾರವೇ ದಂತವೈದ್ಯೆ ಮನೆಗೆ ಬಂದಳು. ಹೆರ್ನಾನಿ ಮುಗುಳ್ನಕ್ಕು ಸ್ವಾಗತಿಸಿದ. ಆಕೆ "ಅತ್ತೆ ಇದ್ದಾರಾ?" ಎಂದು ಕೇಳಿ ಸೀದಾ ಮಹಡಿ ಹತ್ತಿದಳು. ಹಿಂದೆಯೇ ಫಾದರ್ ಎಲಿಸಿಯೋ ಕೂಡ.

ಹೆರ್ನಾನಿ ಎರಡು ದಿನ ತಡೆದ. ಮೂರನೇ ದಿನ ನೀರಿನ ಕ್ಯಾನನ್ನು ಸರಿಯಾದ ಜಾಗದಲ್ಲೇ ಇಳಿಸಿ, ಅತ್ತೆಯ ಮುಂದೆ ಕೈಕಟ್ಟಿ ನಿಂತ. "ನನಾಯ್, ಓದೋಕೆ ಒಂದು ಪುಸ್ತಕ ಬೇಕಿತ್ತು. ನಂದೇ."

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೇಲೆ ಹೋಗಿ, ಬಹಳ ಹೊತ್ತು ಹುಡುಕಿ, ಎಲ್ಲಕ್ಕಿಂತ ತೆಳ್ಳಗಿನದೊಂದನ್ನು ತಂದು ಕೈಗಿಟ್ಟರು.

"ಶನಿವಾರ ಪ್ರಶ್ನೆ ಕೇಳ್ತೀನಿ," ಎಂದರು. "ನಿಂತ್ಕೊಂಡು ಓದು."