ಪಕ್ಕದ ಮನೆಯ ಫ್ರಿಜ್ಜು

ಬಡತನದಲ್ಲಿ ಬದುಕುವುದು ನನಗೆ ಚೆನ್ನಾಗಿ ಬರುತ್ತದೆ. ಅದನ್ನು ಇನ್ನೊಬ್ಬರ ಮುಂದೆ ಹೇಳುವುದು ಮಾತ್ರ ಬರುವುದಿಲ್ಲ. ಸಹಿ ಮಾಡುವಷ್ಟು ಅಕ್ಷರ ಕಲಿತೆ, ಪುಣೆಗೆ ಬಂದು ಮರಾಠಿಯಲ್ಲಿ ಜಗಳಾಡುವುದನ್ನೂ ಕಲಿತೆ, ಇದೊಂದನ್ನು ಕಲಿಯಲಿಲ್ಲ. ಅದರಿಂದ ಸೊಸೆಯ ಮನೆ ಹೋಯಿತು.

ಮನೆ ಎಂದರೆ ಇನ್ನೂ ಕಟ್ಟದ ಮನೆ. ಕಡಿಮೆ ಗಳಿಕೆಯವರು ಸ್ವಂತ ಸೂರು ಮಾಡಿಕೊಳ್ಳಲಿ ಎಂದು ಸರ್ಕಾರ ಸಹಾಯಧನ ಕೊಡುತ್ತದೆ, ಅದೂ ಹೆಂಗಸಿನ ಹೆಸರಿಗೆ. ಮಾರ್ಕೆಟ್ ಯಾರ್ಡಿನಲ್ಲಿ ಬೆಳ್ಳುಳ್ಳಿ ಆರಿಸುವ ನನ್ನ ಸೊಸೆ ಸಂಗೀತಾ ಅರ್ಜಿ ಹಾಕಿದ್ದಳು. "ಅತ್ತಿ, ಕಚೇರಿಯವ್ರು ಮನಿ ನೋಡಾಕ ಬಂದ್ರ ಇದ್ದದ್ದ ಇದ್ದಂಗ ಹೇಳ್ರಿ" ಎಂದು ಹೇಳಿಯೇ ಕೆಲಸಕ್ಕೆ ಹೋಗಿದ್ದಳು. ಮರಾಠಿಯವರು ಬಂದಿದ್ದರೆ ಇದ್ದದ್ದಕ್ಕಿಂತ ಹೆಚ್ಚೇ ಅತ್ತುಬಿಡುತ್ತಿದ್ದೆ. ಆದರೆ ಯೆರವಡಾದ ನಮ್ಮ ಒಂದೇ ಖೋಲಿಯ ಮನೆಯ ಬಾಗಿಲಲ್ಲಿ ನಿಂತ ಹುಡುಗಿ, ಹೆಸರು ಕೇಳಿದವಳೇ, "ಕನ್ನಡದವರೇನ್ರಿ ಅಜ್ಜಿ? ನಮ್ದು ಗೋಕಾಕ ರೀ" ಎಂದಳು.

ಅಲ್ಲಿಗೆ ಕೆಟ್ಟಿತು. ನನ್ನ ತವರು ಗೋಕಾಕದ ಹತ್ತಿರ. ಹೆಣ್ಣು ನೋಡಲು ಬಂದವರಿಗೆ ನೆರೆಮನೆಯ ಬೆಳ್ಳಿ ಲೋಟದಲ್ಲಿ ನೀರು ಕೊಟ್ಟ ಮನೆತನ ನಮ್ಮದು. ಊರ ಕಡೆಯ ಕಣ್ಣಿಗೆ ಹರಕು ತೋರಿಸುವುದುಂಟೇ? ಪಕ್ಕದ ಶಾಂತಾಬಾಯಿ ಮನೆಗೆ ಸುಣ್ಣ ಬಳಿಸುತ್ತಿದ್ದಳೆಂದು ಅವಳ ಫ್ರಿಜ್ಜು ನಮ್ಮಲ್ಲಿತ್ತು. ಅದರೊಳಗಿನ ತಣ್ಣೀರನ್ನೇ ಕೊಟ್ಟೆ.

"ಫ್ರಿಜ್ ನಿಮ್ದೇನ್ರಿ?"

"ಮತ್ತ ಯಾರ್ದವಾ? ಊರಾಗ ಹೊಲಾ ಅದ, ಮಗಗ ಪಗಾರ ಭಾಳ ಚಲೋ ಅದ. ನಮಗೇನೂ ಕಮ್ಮಿ ಇಲ್ಲ ನೋಡು."

ಮಾರಿಹೋದ ಹೊಲ ತಿರುಗಿ ಬಂತು. ಹಮಾಲಿ ಮಾಡುವ ಮಗನಿಗೆ ನಿಂತ ಕಾಲಲ್ಲೇ ಪಗಾರ ಏರಿತು. ಹುಡುಗಿ, ಪಾಪ, ಎಲ್ಲವನ್ನೂ ನಂಬಿ ಬರೆದುಕೊಂಡಳು.

ಸೊಸೆಯ ಅರ್ಜಿ ಬಿದ್ದುಹೋಯಿತು. ಅವಳು ಕೂಗಾಡಿದ್ದರೆ ನಾನೂ ಎರಡು ಮಾತು ಅನ್ನಬಹುದಿತ್ತು. ಬೆಳ್ಳುಳ್ಳಿ ನಾರುವ ಕೈ ತೊಳೆಯುತ್ತಾ, "ಫ್ರಿಜ್ಜಿನ್ಯಾಗರ ಸಂಸಾರ ಮಾಡೂಣು ಅಂದ್ರ ಅದನ್ನೂ ಶಾಂತಾಬಾಯಿ ಒಯ್ದಾಳ" ಎಂದಳು, ಅಷ್ಟೇ. ಒಂದೇ ಕಿಟಕಿಯ ಈ ಖೋಲಿಯಲ್ಲಿ ನಾನು ಮುದುಕಿಯಾದೆ. ಅವಳೂ ಇಲ್ಲೇ ಆದರೆ ಅದು ನನ್ನ ಬಾಯಿಯ ಕೆಲಸ.

ನಾಳೆ ಕಚೇರಿಗೆ ಹೋಗಿ ನಿಜ ಹೇಳಿದರೆ ಇನ್ನೊಮ್ಮೆ ನೋಡುತ್ತಾರಂತೆ. ಅಲ್ಲಿ ಕೂತಿರುವವಳೂ ಆ ಗೋಕಾಕದ ಹುಡುಗಿಯೇ. "ಹಳೀ ಸೀರಿ ಉಟ್ಕೊಂಡ ಹೋಗ್ರಿ ಮತ್ತ" ಎಂದು ಸೊಸೆ ತಾಕೀತು ಮಾಡಿದ್ದಾಳೆ. ಹಳೆಯದನ್ನೇ ಉಡುತ್ತೇನೆ. ಇಸ್ತ್ರಿಗೆ ಕೊಟ್ಟು ಬಂದಿದ್ದೇನೆ.